ಉಪಯೋಗಕ್ಕೆ ಬಂದಷ್ಟು ದುಡ್ಡು ಬರುತ್ತಾ?

ನಮ್ಮ ಚಿಕ್ಕಮ್ಮನ ಹೆಗಲಲ್ಲಿ ಯಾವಾಗಲೂ ಒಂದು ಬ್ಯಾಗ್ ಇರುತ್ತದೆ. ತುಮಕೂರು ಜಿಲ್ಲೆಯ ನಮ್ಮೂರಲ್ಲಿ ಅವರು ಆಶಾ ಕಾರ್ಯಕರ್ತೆ. ಒಂದು ಸಲ ಊರಿಗೆ ಹೋದಾಗ ಅವರ ಜೊತೆ ಒಬ್ಬ ಬಾಣಂತಿಯ ಮನೆಗೆ ಹೋಗಿದ್ದೆ. ಹೆರಿಗೆಯಾಗಿ 14ನೇ ದಿನ. ಚಿಕ್ಕಮ್ಮ ಮೊದಲು ಸೋಪು ಹಾಕಿ ಕೈ ತೊಳೆದರು. ಬ್ಯಾಗಿನಿಂದ ತೂಕದ ಜೋಳಿಗೆ ತೆಗೆದು ಮಗುವನ್ನು ಅದರಲ್ಲಿ ಮಲಗಿಸಿದರು. ತಕ್ಕಡಿ ಎತ್ತಿ ಹಿಡಿದು, ಮುಳ್ಳು ಅಲುಗಾಡದೆ ನಿಲ್ಲುವ ತನಕ ಕಾದರು. ಆಮೇಲೆ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರು. ಆಮೇಲೆ ಗಡಿಯಾರ ನೋಡುತ್ತಾ ಒಂದು ನಿಮಿಷ ಪೂರ್ತಿ ಮಗುವಿನ ಉಸಿರು ಎಣಿಸಿದರು. ಅರವತ್ತು ಮುಟ್ಟಿದರೆ ಅಪಾಯ, ತಕ್ಷಣ ಆಸ್ಪತ್ರೆಗೆ ಕಳಿಸಬೇಕು. ಹೊಕ್ಕುಳು ನೋಡಿದರು. ತಾಯಿ ಕಾರ್ಡಿನಲ್ಲಿ ತೂಕ ಬರೆದರು. ಮಗುವಿನ ಅಜ್ಜಿ ಬಜೆ ತೇಯಲು ಕಲ್ಲು ತಂದಿಟ್ಟುಕೊಂಡಿದ್ದರು. "ಆರು ತಿಂಗಳು ಎದೆಹಾಲು ಬಿಟ್ಟು ಇನ್ನೇನೂ ಬ್ಯಾಡ ಕಣಕ್ಕ" ಎಂದು ಅವರಿಗೆ ನಿಧಾನವಾಗಿ ಒಪ್ಪಿಸಿ ಎದ್ದರು. ಇದಕ್ಕೆಲ್ಲ ಮುಕ್ಕಾಲು ಗಂಟೆ ಹಿಡಿಯಿತು.

ವಾಪಸ್ ಬರುವಾಗ ದಾರಿಯಲ್ಲಿ ಲೆಕ್ಕ ಕೇಳಿದೆ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು 3, 7, 14, 21, 28 ಮತ್ತು 42ನೇ ದಿನ ಮನೆಗೆ ಹೋಗಿ ನೋಡಬೇಕು. ಒಟ್ಟು ಆರು ಭೇಟಿ. ಆರೂ ಮುಗಿದ ಮೇಲೆ ಸಿಗುವ ಪ್ರೋತ್ಸಾಹಧನ 250 ರೂಪಾಯಿ. ಅಂದರೆ ನಾನು ನೋಡಿದ ಆ ಮುಕ್ಕಾಲು ಗಂಟೆಗೆ ಸುಮಾರು 42 ರೂಪಾಯಿ.

ಅವತ್ತೇ ರಾತ್ರಿ ಚಿಕ್ಕಮ್ಮನ ಮಗ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ಯಶಸ್ಸಿನ ಬಗ್ಗೆ ಭಾಷಣ. "ಜನರಿಗೆ ವ್ಯಾಲ್ಯೂ ಕೊಡಿ, ದುಡ್ಡು ತಾನಾಗೇ ನಿಮ್ಮ ಹಿಂದೆ ಬರುತ್ತೆ" ಅನ್ನುವುದು ಅದರ ಸಾರ. ಈ ಮಾತನ್ನು ನೀವೂ ಕೇಳಿರುತ್ತೀರಿ. ನಾನೂ ಬಹಳ ವರ್ಷ ನಂಬಿದ್ದೆ. ಇದು ಪೂರ್ತಿ ಸುಳ್ಳಲ್ಲ. ಬೇರೆಯವರಿಗೆ ಏನೂ ಉಪಯೋಗವಿಲ್ಲದ್ದನ್ನು ಬಹಳ ದಿನ ಮಾರಲು ಆಗುವುದಿಲ್ಲ. ಆದರೆ ಈ ಮಾತಿಗೆ ಇನ್ನೊಂದು ಮುಖ ಇದೆ. ಕಡಿಮೆ ದುಡ್ಡು ಬರುತ್ತಿದ್ದರೆ ನೀವು ಕಡಿಮೆ ಉಪಯೋಗಕ್ಕೆ ಬರುತ್ತಿದ್ದೀರಿ ಅನ್ನುವ ತೀರ್ಮಾನ ಅದರೊಳಗೆ ಕೂತಿದೆ. ಆ ಹುಡುಗ ವಿಡಿಯೋ ನೋಡುತ್ತಿದ್ದಾಗ ಅವನ ತಾಯಿ ಪಕ್ಕದಲ್ಲೇ ಕೂತು ರಿಜಿಸ್ಟರ್ ತುಂಬಿಸುತ್ತಿದ್ದರು. ಈ ಲೇಖನ ಬರೆಯಬೇಕು ಅನ್ನಿಸಿದ್ದು ಆಗ.

ಚಿಕ್ಕಮ್ಮ ಮಾಡುವ ಕೆಲಸದ ಬೆಲೆ ಬರೀ ಭಾವನೆಯ ಮಾತಲ್ಲ. ಅದನ್ನು ಅಳೆದು ನೋಡಿದ್ದಾರೆ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ 1990ರ ದಶಕದಲ್ಲಿ 39 ಹಳ್ಳಿಗಳಲ್ಲಿ ಒಂದು ಪ್ರಯೋಗ ಮಾಡಿದರು. ಹಳ್ಳಿಯ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟರು. ನವಜಾತ ಶಿಶುವಿನ ತೂಕ ನೋಡುವುದು, ಬೆಚ್ಚಗಿಡುವುದು, ಉಸಿರು ಎಣಿಸುವುದು, ಸೋಂಕು ಗುರುತಿಸಿ ಔಷಧಿ ಕೊಡುವುದು ಎಲ್ಲವನ್ನೂ ಕಲಿಸಿದರು. ಆ ಹಳ್ಳಿಗಳಲ್ಲಿ ಮೊದಲು ಹುಟ್ಟಿದ 1,000 ಶಿಶುಗಳಲ್ಲಿ 62 ಶಿಶುಗಳು ಮೊದಲ ತಿಂಗಳೊಳಗೆ ತೀರಿಕೊಳ್ಳುತ್ತಿದ್ದವು. ಮೂರನೇ ವರ್ಷಕ್ಕೆ ಅದು 25ರ ಆಸುಪಾಸಿಗೆ ಇಳಿಯಿತು. ಪ್ರಯೋಗ ನಡೆಯದ ಪಕ್ಕದ ಹಳ್ಳಿಗಳ ಜೊತೆ ಹೋಲಿಸಿದರೆ ಶೇ. 62ರಷ್ಟು ಕಡಿಮೆ. 1999ರಲ್ಲಿ ಇದರ ವರದಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 2011ರಲ್ಲಿ ಕೇಂದ್ರ ಸರ್ಕಾರ ಇದೇ ದಾರಿ ಹಿಡಿದು ಮನೆಗೇ ಹೋಗಿ ಶಿಶು ನೋಡಿಕೊಳ್ಳುವ ಕಾರ್ಯಕ್ರಮವನ್ನು ಆಶಾ ಕಾರ್ಯಕರ್ತೆಯರ ಕೈಗೆ ಕೊಟ್ಟಿತು. ಆ ತೂಕದ ಜೋಳಿಗೆ ಚಿಕ್ಕಮ್ಮನ ಬ್ಯಾಗಿಗೆ ಬಂದದ್ದು ಹಾಗೆ.

ಕಾರ್ಯಕ್ರಮದ ಮಾರ್ಗಸೂಚಿಯಲ್ಲಿ 250 ರೂಪಾಯಿಗೆ ಷರತ್ತುಗಳಿದ್ದವು. ತೂಕ ಬರೆದಿರಬೇಕು, ಮೊದಲ ಲಸಿಕೆಗಳು ಆಗಿರಬೇಕು, ಜನನ ನೋಂದಣಿ ಆಗಿರಬೇಕು. 42ನೇ ದಿನಕ್ಕೆ ತಾಯಿ, ಮಗು ಇಬ್ಬರೂ ಸುರಕ್ಷಿತವಾಗಿರಬೇಕು. ಕೊನೆಯದನ್ನು ಓದಿದಾಗ ನನಗೆ ಸಂಕಟವಾಯಿತು. ಐದು ಸಲ ಹೋಗಿ ಬಂದ ಮೇಲೂ ಕೆಲವು ಮಕ್ಕಳು ಉಳಿಯುವುದಿಲ್ಲ. ಅಂಥ ಮನೆಗೇ ಅಲ್ವಾ ಆಕೆ ಜಾಸ್ತಿ ಸಲ ಹೋಗಿರುವುದು? 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಹತ್ತು ಲಕ್ಷಕ್ಕೂ ಹೆಚ್ಚು ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಕೊಟ್ಟಿತು. ಅವರು ಎಷ್ಟು ಉಪಯೋಗಕ್ಕೆ ಬಂದಿದ್ದಾರೆ ಎಂದು ಜಗತ್ತೇ ಒಪ್ಪಿಕೊಂಡಂತಾಯಿತು. ದುಡ್ಡು ಮಾತ್ರ ಹಿಂದೆ ಬರಲಿಲ್ಲ.

ಅದೇ ಬ್ಯಾಗಿನಲ್ಲಿ ಓಆರ್‌ಎಸ್ ಪೊಟ್ಟಣಗಳಿರುತ್ತವೆ. ಅದರ ಕಥೆಯನ್ನೂ ಇಲ್ಲಿ ಹೇಳಲೇಬೇಕು. 1971ರಲ್ಲಿ ಬಾಂಗ್ಲಾ ಯುದ್ಧದ ಸಮಯ. ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರಕ್ಕೆ ಕಾಲರಾ ಬಂತು. ನರಕ್ಕೆ ಏರಿಸುವ ಸಲೈನ್ ಬಾಟಲಿ ಮುಗಿಯಿತು. ಡಾ. ದಿಲೀಪ್ ಮಹಲನಬಿಸ್ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಟ್ಟು ರೋಗಿಗಳಿಗೆ ಕುಡಿಸಲು ಮನೆಯವರಿಗೇ ಹೇಳಿಕೊಟ್ಟರು. ಶಿಬಿರದಲ್ಲಿ ಸಾವು ಶೇ. 30ರಿಂದ ಶೇ. 4ಕ್ಕೂ ಕೆಳಗೆ ಬಂತು. ಆಮೇಲೆ ಇದು ಲೋಕಕ್ಕೆಲ್ಲ ಹರಡಿ ಕೋಟ್ಯಂತರ ಮಕ್ಕಳನ್ನು ಉಳಿಸಿತು. ಅವರು 2022ರಲ್ಲಿ ತೀರಿಕೊಂಡರು. ಮರುವರ್ಷ ಮರಣೋತ್ತರವಾಗಿ ಪದ್ಮವಿಭೂಷಣ ಬಂತು. ಉಪ್ಪು ಸಕ್ಕರೆ ನೀರಿನಿಂದ ಅವರು ಕೋಟ್ಯಧಿಪತಿ ಆಗಲಿಲ್ಲ. ಆಗಲು ಸಾಧ್ಯವೂ ಇರಲಿಲ್ಲ, ಯಾಕೆಂದರೆ ಅದನ್ನು ಯಾರು ಬೇಕಾದರೂ ಮನೆಯಲ್ಲಿ ಮಾಡಿಕೊಳ್ಳಬಹುದು. ಅದರ ದೊಡ್ಡ ಗುಣವೂ ಅದೇ.

ಇದು ಸೇವೆಯ ಕ್ಷೇತ್ರದ ಮಾತು, ವ್ಯಾಪಾರದಲ್ಲಿ ಹಾಗಲ್ಲ ಅನ್ನಬಹುದು. ಅಲ್ಲೂ ಹೀಗೇ ಇದೆ. ಮುಂದೆ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ವಿಲಿಯಂ ನಾರ್ಡ್‌ಹೌಸ್ 2004ರಲ್ಲಿ ಒಂದು ಲೆಕ್ಕ ಹಾಕಿದರು. 1948ರಿಂದ 2001ರವರೆಗೆ ಅಮೆರಿಕದಲ್ಲಿ ಹೊಸ ತಂತ್ರಜ್ಞಾನದಿಂದ ಸಮಾಜಕ್ಕೆ ಆದ ಒಟ್ಟು ಲಾಭದಲ್ಲಿ ಅದನ್ನು ಕಂಡುಹಿಡಿದು ತಂದವರ ಕೈಗೆ ಸಿಕ್ಕಿದ್ದು ಶೇ. 2.2ರಷ್ಟು ಮಾತ್ರ. ಉಳಿದದ್ದು ಬಳಸುವವರಿಗೆ ಹೋಯಿತು, ಕಡಿಮೆ ಬೆಲೆಯ ರೂಪದಲ್ಲಿ, ಉಳಿದ ಸಮಯದ ರೂಪದಲ್ಲಿ. ಅಂದರೆ ಅಷ್ಟು ದುಡ್ಡು ಮಾಡಿದವರು ಕೂಡ ಕೊಟ್ಟದ್ದರ ಒಂದು ಚೂರನ್ನು ಮಾತ್ರ ವಾಪಸ್ ಪಡೆದರು. ಹಾಗಾದರೆ ಆ ಚೂರು ಎಷ್ಟಿರಬೇಕು ಎಂದು ಯಾವುದು ತೀರ್ಮಾನ ಮಾಡುತ್ತದೆ?

ಇದಕ್ಕೆ ಕೋಲಾರದ ಟೊಮೆಟೊ ಮಂಡಿಗಿಂತ ಒಳ್ಳೆ ಪಾಠಶಾಲೆ ನನಗೆ ಗೊತ್ತಿಲ್ಲ. 2023ರ ಜುಲೈನಲ್ಲಿ ಅಲ್ಲಿ 15 ಕಿಲೋ ಬಾಕ್ಸ್ ಒಂದಕ್ಕೆ 2,000 ರೂಪಾಯಿ ದಾಟಿತ್ತು. ತೋಟಕ್ಕೆ ರಾತ್ರಿ ಕಾವಲು ಹಾಕಿದವರಿದ್ದರು. ಅದೇ ಮಂಡಿಯಲ್ಲಿ ಬೇರೆ ಸಮಯದಲ್ಲಿ ಕೀಳುವ ಕೂಲಿಯೂ ಹುಟ್ಟದೆ ರೈತರು ಹಣ್ಣನ್ನು ರಸ್ತೆಗೆ ಸುರಿದಿದ್ದಾರೆ. ಟೊಮೆಟೊದ ರುಚಿ ಬದಲಾಗಿಲ್ಲ. ಸಾರಿಗೆ ಅದು ಕೊಡುವ ಹುಳಿ ಅಷ್ಟೇ. ರೈತ ಹಾಕಿದ ಗೊಬ್ಬರ, ಹೊಡೆದ ಔಷಧಿ, ಕಟ್ಟಿದ ಕೋಲು ಎಲ್ಲ ಅಷ್ಟೇ. ತಿನ್ನುವವರಿಗೆ ಸಿಗುವ ಉಪಯೋಗ ಒಂದೇ, ರೈತನಿಗೆ ಸಿಗುವ ದುಡ್ಡು ಮಾತ್ರ ಇಪ್ಪತ್ತು ಮೂವತ್ತು ಪಟ್ಟು ಹೆಚ್ಚು ಕಡಿಮೆ. ಅವತ್ತು ಆ ಅಂಗಳದಲ್ಲಿ ಇನ್ನೂ ಎಷ್ಟು ಜನ ಅದನ್ನೇ ತಂದಿದ್ದಾರೆ ಅನ್ನುವುದರ ಮೇಲೆ ರೇಟು ನಿಲ್ಲುತ್ತದೆ. ಯಾವ ಹರಾಜಿನಲ್ಲೂ "ಇದು ಎಷ್ಟು ಜನರ ಹೊಟ್ಟೆ ತುಂಬಿಸುತ್ತೆ" ಅಂತ ಕೂಗುವುದಿಲ್ಲ.

ಕೆಲಸದ ಮಾತೂ ಇದೇ. ನಾನು ಇಲ್ಲದಿದ್ದರೆ ಆ ಜಾಗಕ್ಕೆ ಇನ್ನೊಬ್ಬರು ಎಷ್ಟು ಬೇಗ, ಎಷ್ಟು ಕಡಿಮೆಗೆ ಸಿಗುತ್ತಾರೆ ಅನ್ನುವುದು ನನ್ನ ಸಂಬಳವನ್ನು ನಿರ್ಧರಿಸುತ್ತದೆ. ಜೊತೆಗೆ ಇನ್ನೊಂದು ವಿಷಯ ಇದೆ, ಅದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಉಪಯೋಗ ಪಡೆಯುವವರು ಮತ್ತು ದುಡ್ಡು ಕೊಡುವವರು ಒಬ್ಬರೇನಾ? ಕಟಿಂಗ್ ಶಾಪಿನಲ್ಲಿ ಇಬ್ಬರೂ ಒಬ್ಬರೇ. ಕನ್ನಡಿ ನೋಡಿ ಖುಷಿಯಾದವನೇ ಜೇಬಿಗೆ ಕೈ ಹಾಕುತ್ತಾನೆ. ಚಿಕ್ಕಮ್ಮನ ವಿಷಯದಲ್ಲಿ ಉಪಯೋಗ ಪಡೆಯುವುದು ಹದಿನಾಲ್ಕು ದಿನದ ಮಗು. ಅದಕ್ಕೆ ಜೇಬೂ ಇಲ್ಲ, ಓಟೂ ಇಲ್ಲ. ದುಡ್ಡು ಕೊಡುವುದು ದೂರದಲ್ಲಿರುವ ಇಲಾಖೆ. ಆ ಮಗು ಉಳಿದದ್ದು ಚಿಕ್ಕಮ್ಮ ಬಂದದ್ದರಿಂದಲೇ ಎಂದು ಅಲ್ಲಿ ಯಾರಿಗೂ ಕಾಣುವುದಿಲ್ಲ. ಬರದೇ ಇದ್ದ ಕಾಯಿಲೆ ಯಾರ ಕಣ್ಣಿಗೂ ಬೀಳುವುದಿಲ್ಲ ಅಲ್ವಾ. ಬಂದ ಕಾಯಿಲೆಗೆ ಐಸಿಯುನಲ್ಲಿ ದಿನಕ್ಕೆ ಸಾವಿರಗಟ್ಟಲೆ ಬಿಲ್ ಕಟ್ಟುತ್ತೇವೆ. ಅದು ಬರದಂತೆ ನೋಡಿಕೊಂಡವರ ಹೆಸರಲ್ಲಿ ಬಿಲ್ಲೇ ಹುಟ್ಟುವುದಿಲ್ಲ.

ಕಟಿಂಗ್ ಶಾಪಿನ ಮಾತು ಬಂತಲ್ಲ, ಅದರಲ್ಲಿ ಇನ್ನೊಂದು ಸ್ವಾರಸ್ಯ ಇದೆ. ಐವತ್ತು ವರ್ಷದ ಹಿಂದೆ ಒಂದು ತಲೆಗೆ ಎಷ್ಟು ಹೊತ್ತು ಬೇಕಿತ್ತೋ ಇವತ್ತೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಹಾಗಿದ್ದರೂ ಬೆಲೆ ಏರುವಿಕೆಯನ್ನೆಲ್ಲ ಕಳೆದು ನೋಡಿದರೂ ಕ್ಷೌರಿಕರ ಆದಾಯ ಆವತ್ತಿಗಿಂತ ಜಾಸ್ತಿ. ಊರಿಗಿಂತ ಬೆಂಗಳೂರಲ್ಲಿ ಜಾಸ್ತಿ, ಬೆಂಗಳೂರಿಗಿಂತ ಲಂಡನ್ನಿನಲ್ಲಿ ಜಾಸ್ತಿ. ಕತ್ತರಿಯ ಕೆಲಸ ಅದೇ. ವಿಲಿಯಂ ಬೌಮೋಲ್ ಎಂಬ ಅರ್ಥಶಾಸ್ತ್ರಜ್ಞ 1960ರ ದಶಕದಲ್ಲಿ ಇದಕ್ಕೆ ಕಾರಣ ಹೇಳಿದರು. ಸುತ್ತಮುತ್ತ ಬೇರೆ ಕೆಲಸಗಳಲ್ಲಿ ಸಂಬಳ ಏರಿದಾಗ, ಇಲ್ಲೂ ಏರಿಸದಿದ್ದರೆ ಜನ ಕತ್ತರಿ ಕೆಳಗಿಟ್ಟು ಅಲ್ಲಿಗೆ ಹೋಗುತ್ತಾರೆ. ಅಂದರೆ ನಮ್ಮ ಸಂಪಾದನೆಯಲ್ಲಿ ನಾವು ಕೊಟ್ಟ ಉಪಯೋಗದ ಜೊತೆಗೆ ಅಕ್ಕಪಕ್ಕದವರ ಸಂಪಾದನೆಯೂ ಸೇರಿದೆ. ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನಂಥವರು ಇದನ್ನು ನೆನಪಿಟ್ಟುಕೊಳ್ಳಬೇಕು. ನಾನು ಮಾಡುವ ಕೆಲಸಕ್ಕೆ ಇಷ್ಟು ಸಂಬಳ ಬರುವುದಕ್ಕೆ ನನ್ನ ಶ್ರಮ ಒಂದು ಕಾರಣ. ಈ ಊರಲ್ಲಿ, ಈ ಕಾಲದಲ್ಲಿ, ಡಾಲರಿನಲ್ಲಿ ದುಡ್ಡು ಕೊಡುವ ಗಿರಾಕಿ ಸಿಕ್ಕಿದ್ದು ಅದಕ್ಕಿಂತ ದೊಡ್ಡ ಕಾರಣ.

ಈ ಲೆಕ್ಕದಲ್ಲಿ ಚಿಕ್ಕಮ್ಮನ ದುಡ್ಡೂ ಏರಬೇಕಿತ್ತು. ನಮ್ಮೂರ ಕ್ರಾಸಿಗೆ ಬೆಳಗ್ಗೆ ಗಾರ್ಮೆಂಟ್ಸ್ ಬಸ್ ಬರುತ್ತದೆ. ಅಲ್ಲಿ ಕೈಗೆ ಇದಕ್ಕಿಂತ ಜಾಸ್ತಿ ಸಿಗುತ್ತದೆ. "ಯಾಕೆ ಹೋಗಲ್ಲ ಚಿಕ್ಕಮ್ಮ?" ಎಂದು ಕೇಳಿದ್ದೆ. "ನಾ ಬಿಟ್ರೆ ಆ ಮಗೀನ ತೂಕ ಯಾರು ನೋಡ್ತಾರಪ್ಪ?" ಅಂದರು. ಗಂಟು ಇರುವುದು ಇಲ್ಲೇ. ನಿಲ್ಲಿಸಬಲ್ಲೆವು ಅನ್ನುವ ಶಕ್ತಿಗೆ ದುಡ್ಡು ಸಿಗುತ್ತದೆ. "ಇಷ್ಟು ಕೊಡದಿದ್ದರೆ ನಾಳೆಯಿಂದ ಬರಲ್ಲ" ಎಂದು ಯಾರು ನಿಜವಾಗಿ ಹೇಳಬಲ್ಲರೋ ಅವರಿಗೆ ಕೊಟ್ಟದ್ದರಲ್ಲಿ ದೊಡ್ಡ ಪಾಲು ವಾಪಸ್ ಬರುತ್ತದೆ. ಹಾಗೆ ಹೇಳಲು ಯಾರಿಗೆ ಬಾಯಿ ಬರುವುದಿಲ್ಲವೋ ಅವರಿಗೆ ಸಣ್ಣ ಪಾಲು. ಕಾಯಿಲೆಯವರನ್ನು, ಮಕ್ಕಳನ್ನು, ವಯಸ್ಸಾದವರನ್ನು ನೋಡಿಕೊಳ್ಳುವ ಎಲ್ಲ ಕೆಲಸದಲ್ಲೂ ಇದೇ ಕಥೆ. ಅಲ್ಲಿ ಮನಸ್ಸಿಟ್ಟು ಮಾಡುವವರೇ ಬೇಕು. ಮನಸ್ಸಿಟ್ಟು ಮಾಡುವವರಿಗೆ ಅರ್ಧದಲ್ಲಿ ಬಿಟ್ಟು ಹೋಗಲು ಆಗುವುದಿಲ್ಲ.

ಇದು ಬರೀ ನನ್ನ ಊಹೆಯಾ ಅಂತ ಯೋಚಿಸುತ್ತಿದ್ದವನಿಗೆ ಬೆಂಗಳೂರಿನ ಆಟೋಗಳ ವಿಷಯ ಧೈರ್ಯ ಕೊಟ್ಟಿತು. ಹತ್ತು ವರ್ಷದ ಹಿಂದೆ ಆ್ಯಪ್‌ಗಳು ಬಂದಾಗ ಚಾಲಕರಿಗೂ ಪ್ರಯಾಣಿಕರಿಗೂ ನಿಜವಾದ ಉಪಯೋಗವಾಯಿತು. ಮಳೆಯಲ್ಲಿ ನಿಂತು ಕೈ ಅಡ್ಡ ಹಾಕಬೇಕಿಲ್ಲ, ಖಾಲಿ ಗಾಡಿ ಓಡಿಸಿ ಗ್ಯಾಸ್ ಸುಡಬೇಕಿಲ್ಲ. ಆ ಉಪಯೋಗಕ್ಕೆ ಕಂಪನಿಗಳು ಪ್ರತಿ ಬಾಡಿಗೆಯಲ್ಲೂ ಒಂದು ಪಾಲು ಕಮಿಷನ್ ಹಿಡಿಯುತ್ತಿದ್ದವು. 2022ರಲ್ಲಿ ಹತ್ತಿರದ ಬಾಡಿಗೆಗೂ 100 ರೂಪಾಯಿ ಆಗುತ್ತಿದೆ ಎಂಬ ದೂರು ಜೋರಾಯಿತು. ಸಾರಿಗೆ ಇಲಾಖೆ ಮಧ್ಯೆ ಬಂತು, ವಿಷಯ ಹೈಕೋರ್ಟಿಗೆ ಹೋಯಿತು. ಸರ್ಕಾರ ಸೇವಾ ಶುಲ್ಕವನ್ನು ಶೇ. 5ಕ್ಕೆ ಮಿತಿ ಮಾಡಿತು. 2024ರ ಮೇ ತಿಂಗಳಲ್ಲಿ ಹೈಕೋರ್ಟ್ ಅದನ್ನು ಎತ್ತಿ ಹಿಡಿಯಿತು.

ಇದರ ನಡುವೆ, 2022ರ ನವೆಂಬರಿನಲ್ಲಿ, ಆಟೋ ಚಾಲಕರ ಸಂಘವೇ ಕೈಜೋಡಿಸಿ ನಮ್ಮ ಯಾತ್ರಿ ಆ್ಯಪ್ ಶುರುವಾಯಿತು. ಅದು ಕಮಿಷನ್ ಹಿಡಿಯಲಿಲ್ಲ. ಆಮೇಲೆ ಚಾಲಕರಿಂದ ದಿನಕ್ಕೆ 25 ರೂಪಾಯಿಯಂತೆ ಸಣ್ಣ ಶುಲ್ಕ ಇಟ್ಟಿತು. ಜನ ಆ ಕಡೆ ಹೋದರು. ಮುಂದಿನ ಎರಡು ಮೂರು ವರ್ಷದಲ್ಲಿ ರ‍್ಯಾಪಿಡೋ, ಊಬರ್, ಓಲಾ ಮೂರೂ ಆಟೋಗಳಿಗೆ ಕಮಿಷನ್ ಬಿಟ್ಟು ದಿನದ ಶುಲ್ಕದ ದಾರಿಗೇ ಬಂದವು. ಆ್ಯಪ್ ಕೊಡುವ ಉಪಯೋಗ ಕಡಿಮೆಯಾಯಿತಾ? ಇಲ್ಲ. ಗಾಡಿಗೂ ಗಿರಾಕಿಗೂ ಗಂಟು ಹಾಕುವ ಕೆಲಸ ಮೊದಲಿನಂತೆಯೇ ನಡೆಯುತ್ತಿದೆ. ಬದಲಾಗಿದ್ದು ಒಂದೇ. ಚಾಲಕನಿಗೆ "ನಿನ್ನನ್ನು ಬಿಟ್ಟು ಇನ್ನೊಂದು ಇದೆ" ಎಂದು ಹೇಳಲು ಸಾಧ್ಯವಾಯಿತು. ಹಿಂದಿನ ಕಮಿಷನ್ನಿನಲ್ಲಿ ಸೇವೆಯ ಬೆಲೆ ಎಷ್ಟಿತ್ತು, ಬೇರೆ ದಾರಿ ಇಲ್ಲದ್ದರ ಬೆಲೆ ಎಷ್ಟಿತ್ತು ಅನ್ನುವುದು ಅವತ್ತು ಎದ್ದು ಕಂಡಿತು.

ಇಲ್ಲಿಯವರೆಗೆ ಹೇಳಿದ್ದು ಕೊಟ್ಟದ್ದಕ್ಕಿಂತ ಕಡಿಮೆ ಅಥವಾ ಜಾಸ್ತಿ ಪಡೆದವರ ಮಾತು. ಏನನ್ನೂ ಕೊಡದೆ ಪಡೆಯುವ ಜಾಗಗಳೂ ಇವೆ. ನಮ್ಮ ಬೀದಿಯಲ್ಲಿ ಇಪ್ಪತ್ತಾರು ವರ್ಷದ ಒಬ್ಬ ಹುಡುಗ ಇದ್ದಾನೆ. ಬೆಳಗ್ಗೆ 9.15ಕ್ಕೆ ಷೇರುಪೇಟೆ ತೆಗೆಯುವ ಹೊತ್ತಿಗೆ ಮೊಬೈಲ್ ಹಿಡಿದು ಮಹಡಿ ಮೆಟ್ಟಿಲ ಮೇಲೆ ಕೂರುತ್ತಿದ್ದ. ಆಪ್ಷನ್ ಟ್ರೇಡಿಂಗ್, ಅಂದರೆ ಷೇರು ಅಥವಾ ಸೂಚ್ಯಂಕ ಮುಂದೆ ಏರುತ್ತಾ ಇಳಿಯುತ್ತಾ ಎಂದು ದುಡ್ಡು ಕಟ್ಟುವ ವ್ಯವಹಾರ. ಮೊದಲ ತಿಂಗಳು ಸಂಬಳದಷ್ಟೇ ಲಾಭ ಬಂದಿತ್ತಂತೆ. ವರ್ಷದ ಕೊನೆಗೆ ತಾಯಿಯ ಬಳೆ ಬ್ಯಾಂಕಿನಲ್ಲಿತ್ತು.

ಅವನೊಬ್ಬನೇ ಅಲ್ಲ. 2024ರ ಸೆಪ್ಟೆಂಬರಿನಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಒಂದು ಅಧ್ಯಯನ ಪ್ರಕಟಿಸಿತು. 2021–22ರಿಂದ 2023–24ರವರೆಗಿನ ಮೂರು ವರ್ಷದಲ್ಲಿ ಎಫ್ ಅಂಡ್ ಓ (ಫ್ಯೂಚರ್ಸ್ ಮತ್ತು ಆಪ್ಷನ್ಸ್) ವ್ಯವಹಾರ ಮಾಡಿದ ಒಂದು ಕೋಟಿಗೂ ಹೆಚ್ಚು ಸಾಮಾನ್ಯ ಜನರಲ್ಲಿ ಶೇ. 93ರಷ್ಟು ಮಂದಿ ಕಳೆದುಕೊಂಡಿದ್ದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಜಾಸ್ತಿ. ಇವರಲ್ಲಿ ಮುಕ್ಕಾಲು ಪಾಲು ಜನರ ವರ್ಷದ ಆದಾಯ 5 ಲಕ್ಷಕ್ಕಿಂತ ಕಡಿಮೆ. ಈ ದುಡ್ಡು ಎಲ್ಲಿಗೆ ಹೋಯಿತು ಅನ್ನುವುದೂ ಅದೇ ಅಧ್ಯಯನದಲ್ಲಿದೆ. 2023–24ರಲ್ಲಿ ಸ್ವಂತ ಹಣ ಹೂಡುವ ಟ್ರೇಡಿಂಗ್ ಸಂಸ್ಥೆಗಳಿಗೆ ಸುಮಾರು 33,000 ಕೋಟಿ, ವಿದೇಶಿ ಹೂಡಿಕೆದಾರರಿಗೆ ಸುಮಾರು 28,000 ಕೋಟಿ ಲಾಭ. ಅದರಲ್ಲಿ ಬಹುಪಾಲು ಬಂದದ್ದು ಕಂಪ್ಯೂಟರ್ ತಾನೇ ನಡೆಸುವ ವ್ಯವಹಾರದಿಂದ. ಮೆಟ್ಟಿಲ ಮೇಲಿನ ಹುಡುಗನ ಎದುರಿಗೆ ಕೂತು ಆಡುತ್ತಿದ್ದದ್ದು ಆ ಯಂತ್ರ. 2024–25ರಲ್ಲೂ ಸಾಮಾನ್ಯ ಜನರ ನಷ್ಟ ಒಂದು ಲಕ್ಷ ಕೋಟಿ ದಾಟಿತು.

ನ್ಯಾಯವಾಗಿ ಹೇಳಬೇಕೆಂದರೆ ಈ ಮಾರುಕಟ್ಟೆಗೂ ಒಂದು ಉಪಯೋಗ ಇದೆ. ಮೂರು ತಿಂಗಳ ಮೇಲೆ ಡಾಲರ್ ಬರಬೇಕಿರುವ ರಫ್ತುದಾರ, ಚಿನ್ನ ಕೊಂಡಿಟ್ಟ ವ್ಯಾಪಾರಿ ಇಂಥವರಿಗೆ ಬೆಲೆ ಬಿದ್ದರೆ ಆಗುವ ಪೆಟ್ಟನ್ನು ತಡೆದುಕೊಳ್ಳಲು ಅದು ಬೇಕು. ಅವರ ಎದುರಿಗೆ ಕೊಳ್ಳುವವರು ಮಾರುವವರು ಸದಾ ಇರಬೇಕು. ಆದರೆ ವಾರದ ಎಕ್ಸ್‌ಪೈರಿ ದಿನ, ಅಂದರೆ ಆ ವಾರದ ಆಪ್ಷನ್‌ಗಳ ಅವಧಿ ಮುಗಿಯುವ ದಿನ, ಮಧ್ಯಾಹ್ನ ಎರಡು ಗಂಟೆಗೆ ಸೂಚ್ಯಂಕ ಮೇಲೆ ಹೋಗುತ್ತಾ ಕೆಳಗೆ ಬರುತ್ತಾ ಎಂದು ಕಟ್ಟುವ ದುಡ್ಡಿನಿಂದ ಯಾರ ಮನೆಗೂ ಅಕ್ಕಿ ಬರುವುದಿಲ್ಲ. ಒಬ್ಬರ ಲಾಭ ಇನ್ನೊಬ್ಬರ ನಷ್ಟ, ನಡುವೆ ದಲ್ಲಾಳಿ ಮತ್ತು ತೆರಿಗೆ. ಸೆಬಿ ಆಮೇಲೆ ವಾರದ ಎಕ್ಸ್‌ಪೈರಿಗಳನ್ನು ಕಡಿಮೆ ಮಾಡಿತು, ಒಂದು ಕಾಂಟ್ರಾಕ್ಟಿನ ಗಾತ್ರ ಹೆಚ್ಚಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾನೂನು ತಂದಿತು. ದುಡ್ಡು ಬಂತು ಅಂದ ಮಾತ್ರಕ್ಕೆ ಯಾರಿಗೋ ಉಪಯೋಗ ಆಗಿರಲೇಬೇಕು ಅನ್ನುವ ನಂಬಿಕೆಯನ್ನು ಕಾನೂನು ಮಾಡುವವರೂ ಬಿಟ್ಟಿದ್ದಾರೆ ಎಂದಾಯಿತು. ನಾವೂ ಬಿಡಬೇಕು.

ಕನ್ನಡದಲ್ಲಿ ಈ ವಿಷಯ ಮಾತಾಡುವಾಗ ಕಾಯಕದ ಮಾತು ಬಂದೇ ಬರುತ್ತದೆ. ಅದನ್ನು ಬಳಸುವ ರೀತಿ ನೋಡಿ ನನಗೆ ಬೇಸರವಾಗಿದೆ. "ನಿಮ್ಮದು ಸೇವೆ, ಕಾಯಕ, ದುಡ್ಡಿನಲ್ಲಿ ಅಳೆಯಬೇಡಿ" ಎಂದು ವೇದಿಕೆಯಿಂದ ಹೇಳುತ್ತಾರೆ. ಹೇಳಿಸಿಕೊಳ್ಳುವವರು ನರ್ಸು, ಅತಿಥಿ ಶಿಕ್ಷಕಿ, ಅಂಗನವಾಡಿ ಟೀಚರು, ಆಶಾ. ಆಯ್ದಕ್ಕಿ ಲಕ್ಕಮ್ಮನ ಕಥೆ ನೆನಪಿಸಿಕೊಳ್ಳಿ. ಗಂಡ ಮಾರಯ್ಯ ಅವತ್ತಿಗೆ ಬೇಕಾದ್ದಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ ವಾಪಸ್ ಸುರಿದು ಬಾ ಎಂದವಳು ಆಕೆ. ಎಷ್ಟು ಸಾಕು ಎಂದು ತೀರ್ಮಾನ ಮಾಡಿದ್ದು ಲಕ್ಕಮ್ಮ, ಅಕ್ಕಿ ಚೆಲ್ಲಿದ ಮನೆಯವರಲ್ಲ. ಕಾಯಕದ ಘನತೆ ಇರುವುದು ಆ ತೀರ್ಮಾನ ದುಡಿಯುವವರ ಕೈಯಲ್ಲಿ ಇರುವುದರಲ್ಲಿ. ಕೊಡುವವರೇ "ನಿಮಗೆ ಇಷ್ಟು ಸಾಕು" ಅಂದರೆ ಅದಕ್ಕೆ ಕಾಯಕ ಅನ್ನುವ ಹೆಸರು ಹೊಂದುವುದಿಲ್ಲ.

ಹಾಗಂತ ಈ ಅಂತರ ಮುಚ್ಚಲು ಆಗುವುದೇ ಇಲ್ಲ ಅಂತಲ್ಲ. ನಮ್ಮ ಊರುಗಳಲ್ಲೇ ಒಂದು ಸಲ ಮುಚ್ಚಿದ್ದೇವೆ. ನಮ್ಮಜ್ಜಿ ಹಾಲನ್ನು ಪಾತ್ರೆಯಲ್ಲಿ ಹೊತ್ತು ಹೋಟೆಲಿಗೆ ಹಾಕುತ್ತಿದ್ದ ಕಾಲದಲ್ಲಿ ಹೋಟೆಲಿನವರು ಹೇಳಿದ್ದೇ ರೇಟು. ಹಾಲು ಸಂಜೆಯೊಳಗೆ ಒಡೆಯುತ್ತದೆ, ಕಾಯುವ ಹಾಗಿಲ್ಲ. 1970ರ ದಶಕದಲ್ಲಿ ಕರ್ನಾಟಕದಲ್ಲಿ ಡೈರಿ ಸೊಸೈಟಿಗಳು ಹಬ್ಬಿದವು. 1984ರಲ್ಲಿ ಅವೆಲ್ಲದರ ಮೇಲೆ ಕೆಎಂಎಫ್ (ಕರ್ನಾಟಕ ಹಾಲು ಮಹಾಮಂಡಳ) ಬಂತು. ಹಸು ಅದೇ, ಹಾಲು ಅದೇ. ಆದರೆ ಈಗ ಸೊಸೈಟಿಯಲ್ಲಿ ಎರಡು ಹೊತ್ತೂ ಹಾಲು ತಗೊಳ್ಳುತ್ತಾರೆ, ಎದುರಿಗೇ ಫ್ಯಾಟ್ ನೋಡುತ್ತಾರೆ, ಬಟವಾಡೆ ಲೆಕ್ಕದ ಪ್ರಕಾರ ಖಾತೆಗೆ ಬೀಳುತ್ತದೆ. ಹಾಲು ತಂಪು ಮಾಡುವ ಯಂತ್ರ ಉತ್ಪಾದಕರದ್ದೇ ಆದದ್ದರಿಂದ "ಇವತ್ತು ನಿನಗೆ ಮಾರಲ್ಲ" ಎನ್ನುವ ಶಕ್ತಿ ಬಂತು. 2025ರ ಏಪ್ರಿಲ್ 1ರಂದು ನಂದಿನಿ ಹಾಲಿನ ಬೆಲೆ ಲೀಟರಿಗೆ 4 ರೂಪಾಯಿ ಏರಿದಾಗ ಅದು ರೈತರಿಗೇ ಹೋಗುತ್ತದೆ ಎಂದು ಸರ್ಕಾರ ಹೇಳಬೇಕಾಯಿತು. ಹಾಗೆ ಹೇಳದೆ ಬೆಲೆ ಏರಿಸಲು ಆಗದ ಸ್ಥಿತಿ ಬಂದಿರುವುದು ಸಣ್ಣ ವಿಷಯವಲ್ಲ. ಡೈರಿಯಲ್ಲಿ ತೊಂದರೆಗಳಿಲ್ಲ ಅಂತ ನಾನು ಹೇಳುತ್ತಿಲ್ಲ. ಮೇವಿನ ಖರ್ಚು ಏರಿದಷ್ಟು ಹಾಲಿನ ದರ ಏರಿಲ್ಲ ಎಂದು ಚಿಕ್ಕಪ್ಪ ದಿನಾ ಹೇಳುತ್ತಾರೆ.

ಆಟೋ, ಡೆಲಿವರಿ ಕೆಲಸದವರಿಗೆ ಇಂಥದ್ದೊಂದು ಆಸರೆ ಈಗ ಶುರುವಾಗುತ್ತಿದೆ. 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರಿಗಾಗಿ ಕಾನೂನು ಮಾಡಿತು. ಪ್ರತಿ ವ್ಯವಹಾರದಲ್ಲಿ ಕಾರ್ಮಿಕರಿಗೆ ಕೊಡುವ ಮೊತ್ತದ ಮೇಲೆ ಶೇ. 1ರಿಂದ 5ರವರೆಗೆ ಶುಲ್ಕವನ್ನು ಕಂಪನಿಗಳಿಂದ ಪಡೆದು ಅವರ ಕಲ್ಯಾಣ ನಿಧಿಗೆ ಹಾಕಬೇಕು.

ಆಶಾಗಳ ಗಂಟು ಇನ್ನೂ ಬಿಗಿ ಇದೆ. 2005ರಲ್ಲಿ ಯೋಜನೆ ಶುರುವಾದಾಗಿನಿಂದ ಕಾಗದದ ಮೇಲೆ ಅವರು ಸ್ವಯಂಸೇವಕಿಯರು. ಕೊಡುವುದನ್ನು ಸಂಬಳ ಅನ್ನುವುದಿಲ್ಲ, ಗೌರವಧನ ಅನ್ನುತ್ತಾರೆ. ಸಂಬಳ ಅಲ್ಲದ ಮೇಲೆ ಕನಿಷ್ಠ ವೇತನದ ಕಾನೂನು ಹತ್ತಿರ ಬರುವುದಿಲ್ಲ. ಒಂದು ಪದ ಎಷ್ಟು ದುಡ್ಡು ಉಳಿಸುತ್ತದೆ ನೋಡಿ. ಯೋಜನೆಗಳಲ್ಲಿ ದುಡಿಯುವ ಇಂಥವರನ್ನು ಕಾರ್ಮಿಕರೆಂದು ಒಪ್ಪಿಕೊಳ್ಳಬೇಕು ಎಂದು 2013ರಲ್ಲೇ ಭಾರತೀಯ ಕಾರ್ಮಿಕ ಸಮ್ಮೇಳನ ಶಿಫಾರಸು ಮಾಡಿದೆ. ಅದು ಜಾರಿಯಾಗಬೇಕು, ಇದರಲ್ಲಿ ನನಗೆ ಎರಡು ಮಾತಿಲ್ಲ. ಮಾರುಕಟ್ಟೆ ಈ ಕೆಲಸಕ್ಕೆ ಯಾವತ್ತೂ ಸರಿಯಾದ ರೇಟು ಕಟ್ಟುವುದಿಲ್ಲ, ಯಾಕೆಂದರೆ ಗಿರಾಕಿ ಹದಿನಾಲ್ಕು ದಿನದ ಮಗು. ರೇಟು ಕಟ್ಟಬೇಕಾದವರು ನಾವು, ತೆರಿಗೆ ಕಟ್ಟುವವರು.

ಚಿಕ್ಕಮ್ಮನ ಮಗನಿಗೆ ನಾನು ಏನು ಹೇಳಲಿ? ವ್ಯಾಲ್ಯೂ ಕೊಡಬೇಡ ಅನ್ನಲಾ? ಖಂಡಿತ ಅಲ್ಲ. ಉಪಯೋಗಕ್ಕೆ ಬರುವ ಕೆಲಸವನ್ನೇ ಕಲಿ ಅಂದೆ. ಅದರ ಜೊತೆ ಇನ್ನೆರಡು ಪ್ರಶ್ನೆ ಕೇಳಿಕೋ ಅಂದೆ. ನಿನ್ನ ಕೆಲಸದಿಂದ ಉಪಯೋಗ ಪಡೆಯುವವರ ಕೈಯಲ್ಲಿ ಕೊಡಲು ದುಡ್ಡು ಇದೆಯಾ, ಇಲ್ಲದಿದ್ದರೆ ಅವರ ಪರವಾಗಿ ಯಾರು ಕೊಡುತ್ತಾರೆ? ನೀನು ನಾಳೆ ಬರದಿದ್ದರೆ ಅವರಿಗೆ ಬೇರೆ ಯಾರು ಇದ್ದಾರೆ? ಈ ಎರಡಕ್ಕೂ ಉತ್ತರ ಚೆನ್ನಾಗಿಲ್ಲದಿದ್ದರೆ ಕೆಲಸ ಬಿಡಬೇಕು ಅಂತಲ್ಲ. ಕಡಿಮೆ ದುಡ್ಡು ಬಂದಾಗ ನನ್ನಲ್ಲೇ ಏನೋ ಕೊರತೆ ಇದೆ ಎಂದು ಕೊರಗಬಾರದು, ಅಷ್ಟೆ. ಒಬ್ಬನೇ ಕೇಳಿದರೆ ಸಿಗದ್ದು ಹತ್ತು ಜನ ಸೇರಿ ಕೇಳಿದರೆ ಸಿಗಬಹುದು ಅನ್ನುವುದೂ ಗೊತ್ತಿರಬೇಕು. ಅವನು ಸುಮ್ನೆ ಕೇಳಿಸಿಕೊಂಡ. ಆಮೇಲೆ ಹೋಗಿ ಅಮ್ಮನ ರಿಜಿಸ್ಟರಿನ ಒಟ್ಟು ಲೆಕ್ಕ ಕೂಡಿ ಕೊಟ್ಟ.

2025ರ ಜನವರಿ 7ರಿಂದ ನಾಲ್ಕು ದಿನ ರಾಜ್ಯದ ಮೂಲೆಮೂಲೆಯಿಂದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತಿದ್ದರು. ಕೇಳಿದ್ದು ತಿಂಗಳಿಗೆ 15,000. ಕೊನೆಗೆ ಸಿಕ್ಕ ಭರವಸೆ ಏಪ್ರಿಲ್‌ನಿಂದ ಕನಿಷ್ಠ 10,000. ಚಿಕ್ಕಮ್ಮನೂ ಬಂದಿದ್ದರು. ಎರಡನೇ ರಾತ್ರಿ ಬೆಡ್‌ಶೀಟು, ಊಟ ಕೊಡಲು ಹೋದೆ. ಚಳಿ ಕೊರೆಯುತ್ತಿತ್ತು. ಪಿಂಕ್ ಸೀರೆಯ ಸಾಲುಗಳ ನಡುವೆ ಅವರನ್ನು ಹುಡುಕಿದರೆ, ಕಂಬದ ದೀಪದ ಕೆಳಗೆ ಒಂದು ಕಿವಿ ಮುಚ್ಚಿಕೊಂಡು ಫೋನಿನಲ್ಲಿ ಮಾತಾಡುತ್ತಿದ್ದರು. ಊರಲ್ಲಿ ಯಾವುದೋ ಮಗುವಿಗೆ ಅವತ್ತು 21ನೇ ದಿನ. "ಉಸಿರು ಎಣಿಸಮ್ಮ, ನಾನು ಇಲ್ಲಿ ಗಡಿಯಾರ ನೋಡ್ತೀನಿ" ಎನ್ನುತ್ತಿದ್ದರು. ಒಂದು ನಿಮಿಷ ಆಗುವ ತನಕ ನನ್ನನ್ನು ಕೈಸನ್ನೆಯಲ್ಲೇ ನಿಲ್ಲಿಸಿದರು.